ಪ್ರ: ಕುವೆಂಪುನಗರದ ಮನೆಯಲ್ಲಿ ನಾಯಿ ಸಾಕಬಾರದು ಅಂತಾರೆ, ಏನು ಮಾಡಲಿ?

ಉ: ನಿಮ್ಮ ಅಪಾರ್ಟ್‌ಮೆಂಟ್ ಸಂಘದವರು ಲ್ಯಾಬ್ರಡಾರ್ ಸಾಕೋದು ಬೇಡ ಅಂದರು, ಲಿಫ್ಟಿಗೂ ಬಿಡಲ್ಲ ಅಂದರು ಅಂತ ಬರೆದಿದ್ದೀರಿ. ಹೆದರಬೇಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರಕಾರ ಬಹುಮತದಿಂದ ಠರಾವು ಮಾಡಿದರೂ ಸಂಘ ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ. ಆ ಪ್ರತಿ ಪ್ರಿಂಟ್ ತೆಗೆದು ಕಾರ್ಯದರ್ಶಿ ಕೈಗೆ ಕೊಡಿ. ಜಗಳ ಸುಮ್ನೆ ಬೇಡ.

ಆದರೆ ನಿಮ್ಮ ಕಡೆಯೂ ಸರಿ ಇರಬೇಕು ಅಲ್ವಾ? 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಬೀದಿನಾಯಿಯ ಲಸಿಕೆ, ಸಂತಾನಹರಣದ ಹೊಣೆ ಸ್ಥಳೀಯ ಸಂಸ್ಥೆಯದು. ಸಾಕುನಾಯಿಗೆ ಜಂತಿನ ಔಷಧ, ಲಸಿಕೆ ಹಾಕಿಸೋದು ಮಾಲೀಕರದೇ ಕೆಲಸ. ರೇಬೀಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ ಶುರು, ಆಮೇಲೆ ಡಾಕ್ಟರ್ ಹೇಳಿದಂತೆ ಬೂಸ್ಟರ್. ಆ ಕಾರ್ಡ್ ಜೋಪಾನ, ಕೇಳಿದಾಗ ತೋರಿಸಿದರೆ ಅರ್ಧ ಬಾಯಿ ಮುಚ್ಚುತ್ತೆ. ಪರವಾನಗಿ ವಿಚಾರಿಸಲು ಪಾಲಿಕೆಯ ವಲಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ.

ಬೆಳಗ್ಗೆ ವಾಕಿಂಗ್‌ಗೆ ಪಟ್ಟಿ ಹಾಕಿ, ಕೈಯಲ್ಲಿ ಹಳೇ ಪೇಪರ್ ಇರಲಿ. ನಮ್ಮ ಬೀದಿಯಲ್ಲಿ ಮುಕ್ಕಾಲು ಜಗಳ ಬಂದಿದ್ದು ಬೊಗಳಿದ್ದಕ್ಕಲ್ಲ, ಗೇಟ್ ಮುಂದಿನ ಹೇಲಿಗೆ! ಬೆಕ್ಕಿದ್ದರೆ ಅದಕ್ಕೂ ರೇಬೀಸ್ ಲಸಿಕೆ ಬೇಕು, ಜನ ಮರೆತೇ ಬಿಡ್ತಾರೆ.