18 ಗಂಟೆ ವಿಮಾನ ಹಾರಿಸಿದ್ರೂ ಸೋಲೋ ಸಿಕ್ಕಿಲ್ವಾ, ಇರ್ಲಿ ಬಿಡಿ

ಬ್ರದರ್, ಪೈಲಟ್ ಟ್ರೈನಿಂಗಲ್ಲಿ ಜೊತೆಯವನಿಗೆ 14 ಗಂಟೆಗೇ ಸೋಲೋ, ಅಂದ್ರೆ ಇನ್‌ಸ್ಟ್ರಕ್ಟರ್ ಇಲ್ದೆ ಒಬ್ನೇ ಹಾರ್ಸೋಕೆ ಕೊಟ್ರು, ನಂಗೆ 18 ಆದ್ರೂ ಇಲ್ಲ, ನಾನೇನ್ ದಡ್ಡನಾ ಅಂತ ಕೇಳಿದೀರಲ್ಲ, ನಾನೂ ಚಿಂತಾಮಣಿ ಕಡೆಯವ್ನೇ, ನಂಗೆ ಸೋಲೋ ಸಿಗೋಕೆ 23 ಗಂಟೆ ಆಗಿತ್ತು, ಅಮ್ಮ ದಿನಾ ಫೋನ್ ಮಾಡಿ 'ಒಬ್ನೇ ಓಡಿಸ್ದೇನೋ' ಅನ್ನೋಳು. ಗಂಟೆ ಲೆಕ್ಕ ಬಿಡಿ. ಇನ್‌ಸ್ಟ್ರಕ್ಟರ್ ಬಾಯ್ಬಿಡದೆ ಕೂತಿದ್ರೂ ನೀವು ಲ್ಯಾಂಡಿಂಗ್ ಮೇಲೆ ಲ್ಯಾಂಡಿಂಗ್ ಒಂದೇ ಸಮ ಮಾಡ್ತೀರಾ, ಅಪ್ರೋಚ್ (ಇಳಿಸೋಕೆ ರನ್‌ವೇ ಕಡೆ ಬರೋದು) ಕೆಟ್ರೆ ಹೇಳಿಸ್ಕೊಳ್ದೆ ಗೋ ಅರೌಂಡ್ ಹೋಗ್ತೀರಾ, ಅಂದ್ರೆ ಇಳಿಸ್ದೆ ಮತ್ತೆ ಮೇಲೇರಿಸ್ತೀರಾ, ಅವ್ರು ನೋಡೋದು ಅದನ್ನೇ. ನಾನು ಅಲ್ಲೇ ಸಿಕ್ಕಾಕೊಂಡಿದ್ದೆ, ಹೆಂಗಾದ್ರೂ ಇಳಿಸ್ಲೇಬೇಕು ಅನ್ನೋ ಹಠ. ಟೇಕಾಫ್ ಆದ ತಕ್ಷಣ ಇಂಜಿನ್ ನಿಂತ್ರೆ ಮೊದ್ಲು ಮೂಗು ಕೆಳಗೆ, ಎತ್ತರ ಕಮ್ಮಿ ಇದ್ರೆ ರನ್‌ವೇಗೆ ವಾಪಸ್ ತಿರುಗ್ಸೋ ಆಸೆ ಬೇಡ, ಇದು ನಿದ್ದೇಲೂ ಬರ್ಬೇಕು. ಆಮೇಲೆ ಪಕ್ಕದ ಸೀಟ್ ಖಾಲಿ ಆದ್ರೆ ವಿಮಾನ ಹಗುರ, ಬೇಗ ಮೇಲೇರುತ್ತೆ, ಇಳಿಯೋವಾಗ ತೇಲುತ್ತೆ, ಆವಾಗ ಮೂಗನ್ನ ಒತ್ತಿ ಇಳಿಸೋಕೆ ಹೋಗ್ಬೇಡಿ.