ಮಣಿಪಾಲದಲ್ಲಿ ಮಗುವಿನ ರಕ್ತದ ಕ್ಯಾನ್ಸರ್ ಚಿಕಿತ್ಸೆಯ ನಡುವೆ ಸಂಶೋಧನೆಗೆ ಒಪ್ಪಿಗೆ ಕೇಳಿದರೆ, ಅದು ಮಗುವಿನ ಮೇಲಿನ ಪ್ರಯೋಗವೇ?

ಪ್ರಯೋಗವೆಂದೊಡನೆ ಹೆದರುವುದು ಸಹಜ. ಆದರೆ ಮಕ್ಕಳ ಲುಕೇಮಿಯಾದಲ್ಲಿ (ರಕ್ತದ ಕ್ಯಾನ್ಸರಿನಲ್ಲಿ) ಅನೇಕ ಅಧ್ಯಯನಗಳು ಹೊಚ್ಚಹೊಸ ಔಷಧದ್ದಲ್ಲ. ದಶಕಗಳಿಂದ ಬಳಕೆಯಲ್ಲಿರುವ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್, ಸ್ಟೀರಾಯ್ಡ್‌ಗಳಂಥವನ್ನೇ ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಕೊಟ್ಟರೆ ಸೋಂಕಿನ ಅಪಾಯ ತಗ್ಗಿ ಗುಣವಾಗುವ ಸಾಧ್ಯತೆ ಹೆಚ್ಚುತ್ತದೆ ಎಂದು ಹೋಲಿಸಿ ನೋಡುವಂಥವು. 1960ರ ದಶಕದ ಆರಂಭದಲ್ಲಿ ಬಹುಪಾಲು ಮಕ್ಕಳು ಬದುಕುಳಿಯದಿದ್ದ, ಅವರಲ್ಲಿ ಹೆಚ್ಚಾಗಿ ಕಾಣುವ ಬಗೆಯಾದ ಲಿಂಫೋಬ್ಲಾಸ್ಟಿಕ್ ಲುಕೇಮಿಯಾದಲ್ಲಿ ಇಂದು ಶ್ರೀಮಂತ ದೇಶಗಳಲ್ಲಿ 100ಕ್ಕೆ ಸುಮಾರು 90 ಮಕ್ಕಳು ಉಳಿಯುತ್ತಿರುವುದಕ್ಕೆ ಇಂಥ ಹೋಲಿಕೆಗಳೇ ಬಹುಮಟ್ಟಿಗೆ ಕಾರಣ.

ಸಂಶೋಧನೆ ನೈತಿಕವಾಗಿದೆಯೇ ಎಂದು ಪರಿಶೀಲಿಸುವ ನೀತಿ ಸಮಿತಿಯ ಅನುಮೋದನೆಯೂ ಹೆತ್ತವರ ಲಿಖಿತ ಒಪ್ಪಿಗೆಯೂ ಕಡ್ಡಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. 12 ದಾಟಿದ್ದರೆ ಬರಹದಲ್ಲೇ ಪಡೆಯಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೂ ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವವರು ಆ ಭಾಷೆಯಲ್ಲೇ ವಿವರಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಪತ್ರದ ಪ್ರತಿ ನಿಮ್ಮ ಕೈಯಲ್ಲಿರಲಿ.

ಸಹಿಗೆ ಮೊದಲು ಕೇಳಲೇಬೇಕಾದದ್ದು, ನನ್ನ ಅಭಿಪ್ರಾಯದಲ್ಲಿ, ಇದು: ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಾಗಿ ಬೆನ್ನಿಗೆ ಸೂಜಿ ಚುಚ್ಚುವುದೋ ಮೂಳೆಮಜ್ಜೆ ತೆಗೆಯುವುದೋ ಇದೆಯೇ, ಅದರ ಖರ್ಚು ಯಾರದು? ಬೇಡವೆಂದರೂ, ನಡುವೆ ಹೊರಬಂದರೂ, ಸಾಮಾನ್ಯ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ.