ಕೋಡಿಂಗ್ ಬಾರದವರು ಸ್ವಂತ ವೆಬ್‌ಸೈಟ್ ಮಾಡಬಹುದೇ? ಇನ್‌ಸ್ಟಾಗ್ರಾಮ್ ಇರುವಾಗ ಅದು ಬೇಕಾ?

ಕವಿತೆ, ಪೆನ್ಸಿಲ್ ಚಿತ್ರ ಇಡಲು ಸ್ವಂತ ಜಾಗ ಬೇಕು, ಕೋಡಿಂಗ್ ಬರಲ್ಲ, ಗೆಳೆಯರು ನಗುತ್ತಾರೆ ಅಂತ ಬರೆದಿದ್ದೀರಿ. ನಾನೂ ಇಂಜಿನಿಯರ್ ಅಲ್ಲ. ದಾವಣಗೆರೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ನನ್ನ ಸೈಟನ್ನು ನಾನೇ ಕೈಯಾರೆ ಬರೆದಿದ್ದೇನೆ.

ಬೇಕಾ ಅಂದರೆ, ಬೇಕು. ಮೊದಲು ನಾನು ಒಂದು ಪುಕ್ಕಟೆ ತಾಣದಲ್ಲಿ ನಾಲ್ಕು ವರ್ಷ ಚಿತ್ರ ಹಾಕಿದ್ದೆ. ಅದನ್ನು ಮುಚ್ಚುತ್ತೇವೆ ಅನ್ನುವ ಮೇಲ್ ಬಂದದ್ದು ನಾನು ತೆರೆಯದೇ ಬಿಟ್ಟಿದ್ದ ಹಳೇ ಐಡಿಗೆ. ಗೊತ್ತಾಗುವಷ್ಟರಲ್ಲಿ ಎಲ್ಲ ಹೋಗಿತ್ತು. ಚಿತ್ರದ ಹಾಳೆಗಳೇನೋ ಮನೆಯಲ್ಲಿದ್ದವು, ಆದರೆ ಅವುಗಳ ಕೆಳಗೆ ಬರೆದಿದ್ದ ಮಾತು ಒಂದೂ ಸಿಗಲಿಲ್ಲ. ಇಂಥದ್ದು ಎಷ್ಟೋ ಜನರಿಗೆ ಆಗಿದೆ. ಜಿಯೋಸಿಟೀಸ್ ಅನ್ನುವ ಪುಕ್ಕಟೆ ತಾಣ 1994ರಲ್ಲಿ ಶುರುವಾಯಿತು, ಲಕ್ಷಗಟ್ಟಲೆ ಜನ ಅಲ್ಲಿ ಪುಟ ಕಟ್ಟಿದ್ದರು. 1999ರಲ್ಲಿ ಯಾಹೂ ಕೊಂಡಿತು, 2009ರಲ್ಲಿ ಬಾಗಿಲು ಹಾಕಿತು. ನಾವೆಲ್ಲ ಬಿದ್ದು ಹೊರಳಾಡಿದ ಗೆಳೆಯರ ತಾಣ ಆರ್ಕುಟ್ 2014ರಲ್ಲಿ ಹೋಯಿತು.

ಹಾಗಾಗಿ ಟೂಲ್ ಯಾವುದಾದರೂ ಇರಲಿ, ಅಸಲು ಫೈಲು ನಿಮ್ಮ ಹತ್ತಿರ ಇರಬೇಕು. ಇದಕ್ಕೇ ನನಗೆ ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್ ಇಷ್ಟ. ನೋಟ್‌ಪ್ಯಾಡ್ ತೆಗೆದು ಬರೆಯಿರಿ. ತಲೆಬರಹಕ್ಕೆ ಎಚ್1, ಪ್ಯಾರಾಕ್ಕೆ ಪಿ, ಚಿತ್ರಕ್ಕೆ ಐಎಂಜಿ, ಕೊಂಡಿಗೆ ಎ, ಕವಿತೆಯ ಸಾಲು ಮುರಿಯಲು ಬಿಆರ್. ಈ ಐದು ಟ್ಯಾಗ್ (< > ಒಳಗೆ ಬರೆಯುವ ಗುರುತು) ಕಲಿಯಲು ಒಂದು ಭಾನುವಾರ ಸಾಕು. ಹೆಸರಿನ ಕೊನೆಗೆ .html ಅಂತ ಕೊಟ್ಟು ಉಳಿಸಿ, ಆ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ನೆಟ್ ಕೂಡ ಬೇಕಿಲ್ಲ.

ಅದನ್ನು ಊರಿಗೆಲ್ಲ ತೋರಿಸಲು ನಿಯೋಸಿಟೀಸ್ ಅನ್ನುವ ತಾಣ ನೋಡಿ. 2013ರಿಂದ ಇದೆ. ಪುಕ್ಕಟೆಯಾಗಿ 1 ಜಿಬಿ ಜಾಗ, ಜಾಹೀರಾತಿನ ಕಾಟ ಇಲ್ಲ. ಹಾಡು, ವಿಡಿಯೋ ಫೈಲು ಹಾಕಬೇಕಾದರೆ ಮಾತ್ರ ದುಡ್ಡು ಕೊಡಬೇಕು. ನಿಮ್ಮ ಕೆಲಸಕ್ಕೆ ಅದು ಬೇಕಾಗಲ್ಲ. ಫೋನಿನಲ್ಲಿ ತೆಗೆದ ಚಿತ್ರಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕಿ. ಇಲ್ಲದಿದ್ದರೆ ಪುಟ ಆಮೆ ಥರ ತೆವಳುತ್ತದೆ.

ಇನ್ನು ಕನ್ನಡದ ತಾಪತ್ರಯ. ಇದನ್ನು ಇಂಗ್ಲಿಷ್ ಪಾಠಗಳಲ್ಲಿ ಯಾರೂ ಹೇಳಿಕೊಡಲ್ಲ, ನಾನು ಪೆಟ್ಟು ತಿಂದೇ ಕಲಿತೆ. ನಿಮ್ಮ ಹಳೇ ಕವಿತೆಗಳು ನುಡಿ ತಂತ್ರಾಂಶದ ಆಸ್ಕಿ, ಅಂದರೆ ಯೂನಿಕೋಡ್ ಅಲ್ಲದ, ಫಾಂಟಿನಲ್ಲಿದ್ದರೆ ಸುಮ್ನೆ ಕಾಪಿ ಮಾಡಿ ಅಂಟಿಸಬೇಡಿ. ಬ್ರೌಸರ್‌ನಲ್ಲಿ ಗೀಚಿದ ಹಾಗೆ ಕಾಣುತ್ತದೆ. ಮೊದಲು ಎಲ್ಲ ಬ್ರೌಸರ್‌ಗೂ ಅರ್ಥವಾಗುವ ಅಕ್ಷರ ಸಂಕೇತ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಫೈಲು ಉಳಿಸುವಾಗ ಯುಟಿಎಫ್-8 (ಯೂನಿಕೋಡ್ ಉಳಿಸುವ ಒಂದು ಬಗೆ) ಆರಿಸಿ, ಪುಟದ ತಲೆಯಲ್ಲೂ ಅದನ್ನು ತಿಳಿಸುವ ಒಂದು ಸಾಲು ಇರಲಿ. ಆಮೇಲೆ ಸಾಲುಗಳ ನಡುವಿನ ಅಂತರ. ರೆಡಿಮೇಡ್ ವಿನ್ಯಾಸಗಳೆಲ್ಲ ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ನನ್ನ ಮೊದಲ ಪುಟದಲ್ಲಿ 'ಅಜ್ಜಿ'ಯ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂತಿತ್ತು! ಸಾಲಿನ ಅಂತರ ಹೇಳುವ ಲೈನ್-ಹೈಟ್ 1.7 ಅಂತ ಕೊಟ್ಟೆ, ಸರಿಹೋಯಿತು. ಗೂಗಲ್ ಫಾಂಟ್ಸ್‌ನಲ್ಲಿ ಹುಬ್ಬಳ್ಳಿ, ಬೆಣ್ಣೆ ಅನ್ನುವ ಹೆಸರಿನ ಕನ್ನಡ ಫಾಂಟುಗಳಿವೆ. ದಾವಣಗೆರೆಯವನು ಯಾವುದನ್ನು ಆರಿಸಿದ ಅಂತ ಬೇರೆ ಹೇಳಬೇಕಾ?

ದಿನಾ ಬರೆಯುವ, ಓದುಗರ ಜೊತೆ ಹರಟುವ ಆಸೆ ಇದ್ದರೆ ಬ್ಲಾಗ್ ನಡೆಸಲು ಇರುವ ವರ್ಡ್‌ಪ್ರೆಸ್ ವಾಸಿ. ಸ್ವಂತ ಡೊಮೇನ್, ಅಂದರೆ ದುಡ್ಡು ಕೊಟ್ಟು ಪಡೆಯುವ ಸೈಟಿನ ಹೆಸರು, ಈಗಲೇ ಬೇಡ. ಮುಂದೆ ಕೊಳ್ಳುವಾಗ ಮೊದಲ ವರ್ಷದ ಆಫರ್ ನೋಡಿ ಮರುಳಾಗದೆ ಎರಡನೇ ವರ್ಷದ ಬೆಲೆ ನೋಡಿ. ಇನ್‌ಸ್ಟಾಗ್ರಾಮ್ ಬಿಡಬೇಕಿಲ್ಲ. ಅಲ್ಲಿ ಒಂದು ಚಿತ್ರ ಹಾಕಿ, ಉಳಿದದ್ದಕ್ಕೆ ನಿಮ್ಮ ಸೈಟಿನ ವಿಳಾಸ ಕೊಡಿ, ಅಷ್ಟೇ.

ಯಾರು ನೋಡ್ತಾರೆ ಅಂತಲೂ ಕೇಳಿದ್ದೀರಿ. ಜಾಸ್ತಿ ಜನ ನೋಡಲ್ಲ. ನನ್ನ ಸೈಟಿಗೆ ತಿಂಗಳಿಗೆ ಮೂವತ್ತು ಜನ ಬಂದರೆ ಹೆಚ್ಚು, ಅದರಲ್ಲಿ ಹತ್ತು ಸಲ ನಾನೇ ಇರುತ್ತೇನೆ. ಆದರೆ ಹೋದ ವರ್ಷ ಬೇರೆ ಊರಿನ ಮೇಷ್ಟ್ರೊಬ್ಬರು ಮೇಲ್ ಮಾಡಿದ್ದರು. ನಾನು ಬಿಡಿಸಿದ ತೇರಿನ ಚಿತ್ರ ಪ್ರಿಂಟ್ ತೆಗೆದು ಮಕ್ಕಳಿಗೆ ಬಣ್ಣ ತುಂಬಲು ಕೊಟ್ಟಿದ್ದರಂತೆ. ಮಕ್ಕಳು ಬಣ್ಣ ಹಾಕಿದ ಆರು ತೇರುಗಳನ್ನು ಕಳಿಸಿದ್ದರು. ಒಂದು ತೇರಿನ ಚಕ್ರ ಪೂರ್ತಿ ಗುಲಾಬಿ. ಆರನ್ನೂ ಸೈಟಿನಲ್ಲಿ ಹಾಕಿದ್ದೇನೆ.